ನಾಯಿ ಮೇಲೆ ಬಂದರೆ ಓಡಬೇಡಿ, ನಿಲ್ಲಿ

ಬೆಳಗ್ಗೆ ಐದೂವರೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಕಡೆ ವಾಕಿಂಗ್ ಹೊರಟವರಲ್ಲಿ ನಾನು ಮತ್ತೆ ಮತ್ತೆ ನೋಡಿದ ತಪ್ಪು ಒಂದೇ. ನಾಯಿ ಬೊಗಳಿದ ತಕ್ಷಣ ಓಟ ಕೀಳುತ್ತಾರೆ. ಸಾಧಾರಣ ಬೀದಿನಾಯಿಯೂ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ನಾವು ಗೆಲ್ಲುವ ಪಂದ್ಯವಲ್ಲ ಅದು.

ಹಂತ 1: ದೂರದಿಂದಲೇ ಗುರುತು ಹಿಡಿಯಿರಿ. ಮರಿ ಹಾಕಿದ ನಾಯಿ, ಮಾಂಸದಂಗಡಿ ಹತ್ತಿರ ತಿನ್ನುತ್ತಿರುವ ನಾಯಿ ಕಂಡರೆ ರಸ್ತೆಯ ಆ ಬದಿಗೆ ಹೋಗಿಬಿಡಿ.

ಹಂತ 2: ನಿಲ್ಲಿ. ಎಲ್ಲರೂ ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಯಿ ನಿಮ್ಮ ಕಡೆ ಬಂತು ಅಂದರೆ ಎರಡೂ ಕಾಲು ನೆಲಕ್ಕೆ ಊರಿ ನಿಲ್ಲಿ. ನೇರವಾಗಿ ಎದುರು ನಿಲ್ಲಬೇಡಿ, ಸ್ವಲ್ಪ ಪಕ್ಕಕ್ಕೆ ತಿರುಗಿ. ಕೈ ಬೀಸಬೇಡಿ, ಎದೆಯ ಹತ್ತಿರ ಮಡಿಚಿಕೊಳ್ಳಿ. ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಅದಕ್ಕೆ ಜಗಳಕ್ಕೆ ಕರೆದ ಹಾಗೆ. ಅದರ ಕಾಲಿನ ಕಡೆ ನೋಡಿ, ಆದರೆ ಅದು ಎಲ್ಲಿದೆ ಅನ್ನೋದು ತಪ್ಪಿಹೋಗದಿರಲಿ. ಕಿರುಚಬೇಡಿ. ಗಟ್ಟಿಯಾಗಿ, ದಪ್ಪ ದನಿಯಲ್ಲಿ ಒಂದೇ ಸಲ ‘ಹಚಾ’ ಅನ್ನಿ. ಹತ್ತು ಸಲ ಕೂಗಿದರೆ ಅದು ಭಯದ ದನಿಯಾಗುತ್ತದೆ.

ಬಹಳಷ್ಟು ನಾಯಿಗಳು ಅಲ್ಲೇ ನಿಂತು ಬೊಗಳಲು ಶುರು ಮಾಡುತ್ತವೆ. ಆಗ ಮೆಲ್ಲಗೆ ಹಿಂದೆ ಸರಿಯಿರಿ. ಬೆನ್ನು ತೋರಿಸಬೇಡಿ. ಒಂದು ಕಾಲು ಹಿಂದಿಟ್ಟು, ಅದು ಊರಿದ ಮೇಲೆ ಇನ್ನೊಂದು. ನಾಲ್ಕೈದು ನಾಯಿಗಳಿದ್ದರೆ ಕಾಂಪೌಂಡ್ ಗೋಡೆಗೋ ನಿಂತ ಕಾರಿಗೋ ಬೆನ್ನು ಕೊಡಿ, ಹಿಂದಿನಿಂದ ಬಂದು ಕಚ್ಚಲು ಜಾಗ ಸಿಗುವುದಿಲ್ಲ. ತಮ್ಮ ಬೀದಿಯ ಗಡಿ ದಾಟಿದ ಮೇಲೆ ಸಾಮಾನ್ಯವಾಗಿ ಅವೇ ಬಿಟ್ಟುಬಿಡುತ್ತವೆ.

ಕಲ್ಲು ಎತ್ತುವ ಹಾಗೆ ಬಗ್ಗುವ ಹಳೇ ಉಪಾಯ ಇದೆಯಲ್ವಾ? ನಾಯಿ ಹತ್ತು ಅಡಿ ದೂರ ಇದ್ದರೆ ಮಾತ್ರ ಮಾಡಿ. ಹತ್ತಿರ ಬಂದ ಮೇಲೆ ಬಗ್ಗಿದರೆ ನಿಮ್ಮ ಮುಖವನ್ನೇ ಅದರ ಬಾಯಿಗೆ ಕೊಟ್ಟ ಹಾಗೆ.

ಹಂತ 3: ನಡುವೆ ಏನಾದರೂ ಹಿಡಿಯಿರಿ. ನನ್ನ ಮಾತು ಕೇಳುವುದಾದರೆ ದೊಣ್ಣೆ ಬೇಡ, ಕೊಡೆ. ಬಟನ್ ಒತ್ತಿದರೆ ಬಿಚ್ಚಿಕೊಳ್ಳುವ ದೊಡ್ಡ ಕರಿ ಕೊಡೆ. ಅದನ್ನು ಗುರಾಣಿ ಥರ ಮುಂದೆ ಹಿಡಿದು ಹಿಂದೆ ಸರಿಯಬಹುದು. ದೊಣ್ಣೆ ಎತ್ತಿದರೆ ಸುಮ್ನೆ ಇದ್ದ ನಾಯಿಯೂ ಕೆರಳುತ್ತದೆ. ಕೊಡೆ ಇಲ್ಲದಿದ್ದರೆ ತರಕಾರಿ ಬ್ಯಾಗೇ ಸಾಕು. ಆನ್‌ಲೈನ್‌ನಲ್ಲಿ ಮಾರುವ, ನಮಗೆ ಕೇಳಿಸದ ಸದ್ದು ಮಾಡುವ ಯಂತ್ರವನ್ನು ನಾನೂ ತಂದಿದ್ದೆ. ನಮ್ಮ ಬೀದಿಯ ಕಂದು ನಾಯಿ ಅದನ್ನು ಮೂಸಿ ನೋಡಿ ಮಲಗಿಕೊಂಡಿತು.

ಗಾಡಿಯಲ್ಲಿದ್ದರೆ ವೇಗ ಹೆಚ್ಚಿಸಬೇಡಿ, ನಿಧಾನ ಮಾಡಿ ನಿಲ್ಲಿಸಿ. ಚಕ್ರ ನಿಂತರೆ ಅಟ್ಟಿಸಿಕೊಂಡು ಬರುವ ಉತ್ಸಾಹವೂ ನಿಲ್ಲುತ್ತದೆ. ಮಂಡ್ಯದ ನಮ್ಮ ಚಿಕ್ಕಪ್ಪನ ಮಗ ರಾತ್ರಿ ನಾಲೆ ಏರಿ ಮೇಲೆ ಆಕ್ಸಿಲರೇಟರ್ ತಿರುವಿ ಬಿದ್ದ. ನಾಯಿ ಕಚ್ಚಲೇ ಇಲ್ಲ, ಭುಜದ ಮೂಳೆ ಮಾತ್ರ ಮುರಿಯಿತು.

ಹಂತ 4: ಕೆಳಗೆ ಬಿದ್ದರೆ ಮಂಡಿ ಹೊಟ್ಟೆಗೆ ಎಳೆದು ಮುದುರಿಕೊಳ್ಳಿ. ಕತ್ತಿನ ಹಿಂದೆ ಬೆರಳು ಹೆಣೆದು, ಮುಂಗೈಯಿಂದ ಕಿವಿ ಮುಚ್ಚಿ. ನಾಯಿ ಕೈ ಹಿಡಿದಿದ್ದರೆ ಜಗ್ಗಬೇಡಿ, ಚರ್ಮ ಹರಿಯುತ್ತದೆ.

ಹಂತ 5: ಕಚ್ಚಿದ್ದರೆ ನಲ್ಲಿ ಕೆಳಗೆ ಇಟ್ಟು ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು. ಮಾಮೂಲಿ ಬಟ್ಟೆ ಸೋಪೇ ಆಗುತ್ತದೆ. ಸುಣ್ಣ, ಖಾರದಪುಡಿ, ಕಾಫಿಪುಡಿ ಮೆತ್ತಬೇಡಿ. ಪಕ್ಕದ ಮನೆ ಅಜ್ಜಿ ಎಷ್ಟೇ ಒತ್ತಾಯ ಮಾಡಲಿ. ಆಮೇಲೆ ನೇರ ಸರ್ಕಾರಿ ಆಸ್ಪತ್ರೆಗೆ: ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್. ರಕ್ತ ಬಂದಿದ್ದರೆ ರೇಬೀಸ್ ಲಸಿಕೆ ಜೊತೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬಗ್ಗೆ ಬಾಯಿಬಿಟ್ಟು ಕೇಳಿ. ‘ನಾಯಿ ಹತ್ತು ದಿನ ಬದುಕಿರುತ್ತಾ ನೋಡೋಣ’ ಅಂತ ಕಾಯಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ.

ಚರ್ಮದೊಳಗೆ ಕೊಡುವ ಲಸಿಕೆಯಾದರೆ ಕಚ್ಚಿದ ದಿನ ಒಂದು, ಆಮೇಲೆ 3, 7 ಮತ್ತು 28ನೇ ದಿನ. ಕೊನೆಯದು ಬರುವಷ್ಟರಲ್ಲಿ ಗಾಯ ಒಣಗಿರುತ್ತದೆ, ಜನ ಮರೆಯುವುದೂ ಅದನ್ನೇ. ಮನೆಗೆ ಬಂದವರೇ ಗೋಡೆ ಕ್ಯಾಲೆಂಡರ್‌ನಲ್ಲಿ ಆ ತಾರೀಕಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ.