ಮನೆಯಲ್ಲೇ ಬೈಕ್ ಟೈರ್ ಬದಲಿಸಲು ಹೋಗಿ ಎರಡು ಟ್ಯೂಬ್ ಹಾಳು ಮಾಡಿದ ಕಥೆ

ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಉಳಿಸೋಣ ಅಂತ ಮನೆಯಲ್ಲಿ ಟೈರ್ ಬದಲಿಸಲು ಹೋಗಬೇಡಿ. ಉಳಿಯುವುದಿಲ್ಲ. ಮೈಸೂರಿನಲ್ಲಿ ನಮ್ಮ ಬಡಾವಣೆಯ ಪಂಕ್ಚರ್ ಅಂಗಡಿಗೆ ಚಕ್ರ ಬಿಚ್ಚಿ ತೆಗೆದುಕೊಂಡು ಹೋದರೆ ಟೈರ್ ಹಾಕಿಕೊಡಲು 150 ರೂಪಾಯಿ ಕೇಳುತ್ತಾರೆ. ಗಾಡಿಯನ್ನೇ ತಂದು ನಿಲ್ಲಿಸಿದರೆ 300. ನಾನು ಟೈರ್ ಎಬ್ಬುವ ಕಬ್ಬಿಣದ ಲಿವರ್, ದೊಡ್ಡ ಸಾಕೆಟ್, ಗಾಳಿ ತುಂಬುವ ವಾಲ್ ಬಿಚ್ಚುವ ಕೀಲಿ, ಬ್ಯಾಟರಿಗೆ ಸಿಕ್ಕಿಸುವ ಗಾಳಿ ಪಂಪ್ ಅಂತ ಸುರಿದಿದ್ದು ನಾಲ್ಕು ಸಾವಿರದ ಹತ್ತಿರ. ಹಿಂದಿನ ಟೈರ್ ನನಗೆ ಹೆಚ್ಚು ಕಡಿಮೆ 12 ಸಾವಿರ ಕಿಲೋಮೀಟರ್ ಬರುತ್ತದೆ. ಲೆಕ್ಕ ಹಾಕಿ ನೋಡಿ. ಅಸಲು ಹುಟ್ಟುವಷ್ಟರಲ್ಲಿ ಗಾಡಿಯೇ ಗುಜರಿ ಸೇರಿರುತ್ತದೆ.

ಮತ್ತೆ ಯಾಕೆ ಮಾಡಿದೆ ಅಂದರೆ, ಸಿಟ್ಟಿಗೆ.

ನನ್ನದು ರಾಯಲ್ ಎನ್‌ಫೀಲ್ಡ್‌ನ ಹಳೆಯ 411 ಸಿಸಿ ಹಿಮಾಲಯನ್ ಬೈಕ್. ಟೈರಿನ ಅಳತೆ ಮುಂದೆ 90/90-21, ಹಿಂದೆ 120/90-17. ಎರಡೂ ಸ್ಪೋಕ್ ಚಕ್ರ. ರಿಮ್ಮಿನ ತುಂಬ ಸ್ಪೋಕಿನ ತೂತುಗಳಿರುವುದರಿಂದ ಗಾಳಿ ಹಿಡಿದಿಡಲು ಒಳಗೆ ಟ್ಯೂಬ್ ಬೇಕೇ ಬೇಕು. ಮೊದಲ ಸಲ ಹಿಂದಿನ ಟೈರ್ ಸವೆದಾಗ, ಹೊಸದನ್ನು ಕೊಂಡ ಅಂಗಡಿಯಲ್ಲೇ ಹಾಕಿಸಿದೆ. ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಗಾಡಿ ರೆಡಿ. ಭಾನುವಾರ ತೊಳೆಯಲು ಕೂತಾಗ ನೋಡಿದೆ. ರಿಮ್ಮಿನ ಅಂಚಿನಲ್ಲಿ ಐದು ಕಡೆ ಲಿವರ್ ಕಚ್ಚಿದ ಗಾಯ. ಚೈನ್ ವೀಣೆಯ ತಂತಿ ಥರ ಬಿಗಿ. ಟೈರಿನ ಪಕ್ಕದಲ್ಲಿ ಯಾವ ಕಡೆ ತಿರುಗಬೇಕು ಅಂತ ಒಂದು ಬಾಣ ಇರುತ್ತಲ್ವಾ, ಅದು ಉಲ್ಟಾ. ವಾಪಸ್ ಹೋಗಿ ಕೇಳಿದರೆ ಅಲ್ಲಿನ ಹುಡುಗ, "ಏನೂ ಆಗಲ್ಲ ಸಾರ್, ಓಡುತ್ತೆ" ಅಂದ.

ಓಡುತ್ತೆ, ನಿಜ. ಅದೇ ಟೈರಿನಲ್ಲಿ ಒಂದು ಮಳೆಗಾಲ ಓಡಿಸಿದೆ ಕೂಡ. ಆದರೆ ತಿರುವಿನಲ್ಲಿ ಗಾಡಿ ಒಂಚೂರು ಅಲುಗಿದರೂ ಆ ಬಾಣವೇ ಕಣ್ಣ ಮುಂದೆ ಬರುತ್ತಿತ್ತು. ಮುಂದಿನ ಸಲ ಟೈರ್ ನಾನೇ ಹಾಕುತ್ತೇನೆ ಅಂತ ಅಂದೇ ತೀರ್ಮಾನ ಮಾಡಿದೆ.

ಎರಡನೇ ಟೈರ್ ಕೊಳ್ಳುವಾಗ ಮಾತ್ರ ಸ್ವಲ್ಪ ಬುದ್ಧಿ ಉಪಯೋಗಿಸಿದೆ. ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ಹುಡುಕಿ ಓದಿದೆ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾಗಿದ್ದು ಅಂತ. ಅಂಗಡಿಯವರು ಮೊದಲು ಕೊಟ್ಟಿದ್ದು ಮೂರು ವರ್ಷ ಹಳೆಯದು. ಬೇಡ ಅಂದೆ. ಒಳಗಿನಿಂದ ಇನ್ನೊಂದು ಬಂತು.

ಅಂದ ಹಾಗೆ ನಮ್ಮೂರಲ್ಲೇ ಟೈರ್ ಕಾರ್ಖಾನೆ ಇದೆ. ವಿಕ್ರಾಂತ್ ಅಂತ ಶುರುವಾಗಿದ್ದು 1997ರಲ್ಲಿ ಜೆಕೆ ಟೈರ್ ಕೈಗೆ ಹೋಯಿತು. ನಮ್ಮಪ್ಪನ ವಯಸ್ಸಿನವರಿಗೆ ಇವತ್ತಿಗೂ ಅದು ವಿಕ್ರಾಂತ್ ಫ್ಯಾಕ್ಟರಿಯೇ. ಆ ಕಾರ್ಖಾನೆ ಇರುವ ಕೆಆರ್‌ಎಸ್ ರಸ್ತೆಯಲ್ಲಿ ಇಷ್ಟು ವರ್ಷ ಓಡಾಡಿಯೂ ಟೈರು ರಿಮ್ಮಿಗೆ ಹೇಗೆ ಕೂರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ.

ಬೆಳಗ್ಗೆ ಎಂಟಕ್ಕೆ ಶುರು ಮಾಡಿದೆ. ಚಕ್ರ ಬಿಚ್ಚುವುದು ಸುಲಭ. ಹಿಮಾಲಯನ್‌ಗೆ ಡಬಲ್ ಸ್ಟ್ಯಾಂಡ್ ಇದೆ. ಚಕ್ರದ ನಡುವೆ ತೂರಿರುವ ಕಂಬಿಯ, ಅಂದರೆ ಆಕ್ಸಲ್‌ನ, ನಟ್ ಸಡಿಲಿಸಿ, ಚಕ್ರ ಮುಂದಕ್ಕೆ ತಳ್ಳಿ, ಚೈನ್ ಇಳಿಸಿ, ಆಕ್ಸಲ್ ಎಳೆದರೆ ಚಕ್ರ ಕೈಗೆ ಬರುತ್ತದೆ. ಆಕ್ಸಲ್ ಮೇಲೆ ಕೂರುವ ಬುಷ್ ಉಂಗುರಗಳಲ್ಲಿ ಎಡಕ್ಕೆ ಯಾವುದು, ಬಲಕ್ಕೆ ಯಾವುದು ಅಂತ ಫೋನಿನಲ್ಲಿ ಫೋಟೋ ಹೊಡೆದುಕೊಂಡೆ. ಅದೊಂದು ಒಳ್ಳೆಯ ಕೆಲಸ ಮಾಡಿದೆ.

ಕಷ್ಟ ಶುರುವಾಗಿದ್ದು ಆಮೇಲೆ. ಗಾಳಿ ಪೂರ್ತಿ ಬಿಟ್ಟರೂ ಹಳೆಯ ಟೈರಿನ ಅಂಚು ರಿಮ್ಮಿಗೆ ಅಂಟು ಹಾಕಿದ ಹಾಗೆ ಹಿಡಿದಿತ್ತು. ಹತ್ತಿ ನಿಂತೆ, ಕುಣಿದೆ, ಜಗ್ಗಲಿಲ್ಲ. ಪಕ್ಕದ ಮನೆ ಅಂಕಲ್ ತಮ್ಮ ಬುಲೆಟ್ ತಂದರು. ಚಕ್ರವನ್ನು ನೆಲದಲ್ಲಿ ಮಲಗಿಸಿ, ರಿಮ್ಮಿಗೆ ಒತ್ತಿಕೊಂಡ ಹಾಗೆ ಟೈರಿನ ಮೇಲೆ ಅದರ ಸೈಡ್ ಸ್ಟ್ಯಾಂಡ್ ಊರಿ ಗಾಡಿಯ ಭಾರ ಬಿಟ್ಟೆವು. ಪುಸಕ್ ಅಂತ ಅಂಚು ಒಳಗೆ ಹೋಯಿತು. ತಿರುಗಿಸಿ ಇನ್ನೊಂದು ಕಡೆಯೂ ಹಾಗೇ. ಬ್ರೇಕಿನ ಡಿಸ್ಕ್ ತಟ್ಟೆ ಇರುವ ಕಡೆ ಕೆಳಗಾದಾಗ ಎರಡು ಮರದ ತುಂಡು ಕೊಡುವುದು ಮರೆಯಬೇಡಿ, ಇಲ್ಲದಿದ್ದರೆ ಅದು ಬಾಗುತ್ತದೆ.

ಹಳೆಯದು ಹೇಗೋ ಬಂತು. ಹೊಸದರ ಒಂದು ಅಂಚು ಕೈಯಲ್ಲೇ ಹೋಯಿತು. ಟ್ಯೂಬ್ ತೂರಿಸಿ ಎರಡನೇ ಅಂಚು ಹಾಕತೊಡಗಿದೆ. ಮುಕ್ಕಾಲು ಭಾಗ ಸಲೀಸು. ಕೊನೆಯ ಒಂದು ಗೇಣು ಮಾತ್ರ ಏನು ಮಾಡಿದರೂ ಒಳಗೆ ಹೋಗದು. ಲಿವರ್ ಇನ್ನಷ್ಟು ಆಳಕ್ಕೆ ತೂರಿಸಿ, ಮೊಣಕಾಲು ಊರಿ, ಉಸಿರು ಕಟ್ಟಿ ಎಳೆದೆ. ಹೋಯಿತು! ಗಾಳಿ ಹೊಡೆದೆ. ಸುಂಯ್ ಅಂತ ಸದ್ದು. ಬಿಚ್ಚಿ ನೋಡಿದರೆ ಹೊಸ ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಪಕ್ಕಪಕ್ಕ ಎರಡು ತೂತು. ಲಿವರಿನ ತುದಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಂಡಿತ್ತು.

ಇನ್ನೊಂದು ಟ್ಯೂಬ್ ತಂದೆ. 450 ರೂಪಾಯಿ. ಈ ಸಲ ಲಿವರ್ ಹುಷಾರಾಗಿ ಹಾಕಿದೆ, ಆದರೆ ಟ್ಯೂಬಿಗೆ ಗಾಳಿ ಹಾಕದೆ ಚಪ್ಪಟೆಯಾಗೇ ತೂರಿಸಿದ್ದೆ. ಮಡಿಕೆ ಬಿದ್ದು ಟೈರಿನ ಅಂಚಿನಡಿ ಸಿಕ್ಕಿತು. ಅದೂ ಹೋಯಿತು.

ಮಧ್ಯಾಹ್ನ ಒಂದೂವರೆ. ಊಟಕ್ಕೆ ಕರೆಯಲು ಬಂದ ಅಮ್ಮ ಸ್ವಲ್ಪ ಹೊತ್ತು ನಿಂತು ನೋಡಿದರು. "ಅಲ್ವೋ, ಬಿಗಿ ಬಳೆ ತೊಡಿಸೋವಾಗ ಬಳೆಗಾರ ಬಳೇನ ಹಿಗ್ಗಿಸ್ತಾನಾ? ಕೈನ ಒತ್ತಿ ಸಣ್ಣ ಮಾಡ್ತಾನೆ. ಸೋಪು ಹಚ್ಚಿದ್ಯಾ?" ಅಂದರು.

ಸೋಪು ಹಚ್ಚಿರಲಿಲ್ಲ. ಅದಕ್ಕಿಂತ ದೊಡ್ಡದು ಆ ಬಳೆಯ ಮಾತು. ಟೈರಿನ ಅಂಚಿನೊಳಗೆ ಉಕ್ಕಿನ ತಂತಿಯ ಬಳೆಯೇ ಇದೆ. ಅದು ಹಿಗ್ಗುವುದಿಲ್ಲ, ನೀವು ಭೀಮನಾದರೂ ಸರಿ. ಆದರೆ ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಇರುತ್ತದೆ. ಲಿವರ್ ಇರುವ ಜಾಗಕ್ಕೆ ಸರಿಯಾಗಿ ಎದುರುಗಡೆ ಅಂಚನ್ನು ಆ ತಗ್ಗಿಗೆ ಇಳಿಸಿದರೆ ಈಚೆ ಕಡೆ ಒಂದೆರಡು ಬೆರಳಷ್ಟು ಸಡಿಲ ಸಿಗುತ್ತದೆ. ಆ ಸಡಿಲದಲ್ಲೇ ಎಲ್ಲ ಕೆಲಸ. ಅಂಗಡಿಯವರು ಮೊಣಕಾಲು ಊರುವುದು ಬಲ ಹಾಕಲಿಕ್ಕಲ್ಲ, ಎದುರು ಅಂಚು ತಗ್ಗಿನಿಂದ ಮೇಲೆ ಬರದಿರಲಿ ಅಂತ. ಹತ್ತಾರು ಸಲ ನೋಡಿದ್ದೆ, ಗಮನಿಸಿರಲಿಲ್ಲ.

ಊಟ ಮುಗಿಸಿ ಬಂದೆ. ಟೈರ್ ಬಿಸಿಲಿನಲ್ಲಿ ಮಲಗಿದ್ದರಿಂದ ಮೆತ್ತಗಾಗಿತ್ತು. ಮೂರನೇ ಟ್ಯೂಬಿಗೆ ಮೈಗೆ ಹಚ್ಚುವ ಪೌಡರ್ ಸವರಿ, ದುಂಡಗೆ ನಿಲ್ಲುವಷ್ಟು ಗಾಳಿ ಹಾಕಿದೆ. ಅಂಚಿಗೆ ಸೋಪಿನ ನೀರು. ಖಾಲಿ ಇಂಜಿನ್ ಆಯಿಲ್ ಡಬ್ಬ ಕತ್ತರಿಸಿ ಎರಡು ಪಟ್ಟಿ ಮಾಡಿ ಲಿವರಿನ ಕೆಳಗೆ ಇಟ್ಟೆ, ರಿಮ್ಮಿಗೆ ಗೀರು ಬೀಳದ ಹಾಗೆ. ವಾಲ್ ಇರುವ ಜಾಗವನ್ನು ಕೊನೆಗೆ ಉಳಿಸಿಕೊಂಡು, ಎರಡೂ ಮೊಣಕಾಲು ಎದುರು ಕಡೆ ಊರಿ, ಒಂದು ಸಲಕ್ಕೆ ಎರಡೇ ಇಂಚು. ಕೊನೆಯ ಗೇಣಿಗೆ ಬಲವೇ ಬೇಕಾಗಲಿಲ್ಲ. ಪಟ್ ಅಂತ ಕೂತಿತು. ನನಗೆ ನಂಬಿಕೆ ಬರದೆ ಸುತ್ತ ಕೈಯಾಡಿಸಿದೆ.

ಒಂದು ಸಲ ಗಾಳಿ ತುಂಬಿ, ಪೂರ್ತಿ ಬಿಟ್ಟು, ಮತ್ತೆ ತುಂಬಿದೆ. ಒಳಗೆ ಟ್ಯೂಬಿನ ಮಡಿಕೆ ಇದ್ದರೆ ಬಿಚ್ಚಿಕೊಳ್ಳುತ್ತದೆ. ಟೈರಿನ ಪಕ್ಕದ ಸಣ್ಣ ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ದೂರದಲ್ಲಿ ಇದ್ದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಬಾಣ? ಮೂರು ಸಲ ನೋಡಿದೆ.

ಚಕ್ರ ವಾಪಸ್ ಹಾಕುವಾಗ ಇನ್ನೊಂದು ಪಜೀತಿ. ಚಕ್ರ ಹೊರಗಿದ್ದಾಗ ಮಗ ಆಟಕ್ಕೆ ಬ್ರೇಕ್ ಪೆಡಲ್ ಒತ್ತಿದ್ದ. ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಬ್ರೇಕ್ ಪ್ಯಾಡುಗಳು ಒಂದಕ್ಕೊಂದು ಅಂಟಿ ಡಿಸ್ಕ್ ತೂರಲು ಜಾಗವೇ ಇಲ್ಲ. ನಿಧಾನವಾಗಿ ಅಗಲಿಸಿ ಕೂರಿಸಲು ಅರ್ಧ ಗಂಟೆ ಹಿಡಿಯಿತು. ಈಗ ಚಕ್ರ ತೆಗೆದ ತಕ್ಷಣ ಪ್ಯಾಡುಗಳ ನಡುವೆ ರಟ್ಟು ಮಡಚಿ ಇಡುತ್ತೇನೆ. ಚಕ್ರ ಹಾಕಿದ ಮೇಲೆ, ಗಾಡಿ ಮುಂದೆ ಹೋಗುವ ಮುಂಚೆ, ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಲೇಬೇಕು. ಇಲ್ಲದಿದ್ದರೆ ಮೊದಲ ತಿರುವಿನಲ್ಲಿ ಬ್ರೇಕ್ ಸಿಗುವುದಿಲ್ಲ.

ಸಂಜೆ ಐದು. ಒಂದು ಟೈರಿಗೆ ಒಂಬತ್ತು ಗಂಟೆ, 900 ರೂಪಾಯಿಯ ಟ್ಯೂಬ್ ಹಾಳು. ಹೆಂಡತಿ ಏನೂ ಹೇಳಲಿಲ್ಲ. ಅದೇ ಜಾಸ್ತಿ ಅನ್ನಿಸಿತು.

ಅದರ ಫಲ ಸಿಕ್ಕಿದ್ದು ಎಂಟು ತಿಂಗಳ ಮೇಲೆ. ಕಳಸ ದಾಟಿ ಕುದುರೆಮುಖದ ಕಡೆ ಹೋಗುವಾಗ ಹಿಂದಿನ ಚಕ್ರ ಕೂತುಬಿಟ್ಟಿತು. ಒಂದೂವರೆ ಇಂಚಿನ ಮೊಳೆ. ಟ್ಯೂಬ್‌ಲೆಸ್ ಆಗಿದ್ದರೆ ಹೊರಗಿನಿಂದಲೇ ಬತ್ತಿ ತುರುಕಿ ಮುಂದೆ ಹೋಗಬಹುದಿತ್ತು. ಇದಕ್ಕೆ ಬಿಚ್ಚಲೇಬೇಕು. ಫೋನಿಗೆ ನೆಟ್‌ವರ್ಕ್ ಇಲ್ಲ, ಜಿನುಗುವ ಮಳೆ, ಮೀನಖಂಡದ ಮೇಲೆ ಜಿಗಣೆ. ಗಾಡಿಯಲ್ಲಿ ಎರಡು ಲಿವರ್, ಪಂಪ್, ಒಂದು ಹೊಸ ಟ್ಯೂಬ್ ಇತ್ತು. ಒಂದು ಕಡೆಯ ಅಂಚು ಮಾತ್ರ ಇಳಿಸಿ ಟ್ಯೂಬ್ ಬದಲಿಸಿದೆ. ಟೈರಿನ ಒಳಗೆ ಬಟ್ಟೆ ಸವರಿ ಮೊಳೆ ಪೂರ್ತಿ ಬಂದಿದೆಯಾ ನೋಡಿದೆ. ಒಂದು ಗಂಟೆ ಹತ್ತು ನಿಮಿಷ. ಅಂಗಡಿಯವನು ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಿದ್ದ, ಆದರೆ ಅವನು ಅಲ್ಲಿರಲಿಲ್ಲವಲ್ಲ.

ಈಗಿನ ಪದ್ಧತಿ ಹೀಗೆ. ಮುಂದಿನ ಟೈರ್ ತೆಳ್ಳಗಿರುವುದರಿಂದ ನಾನೇ ಹಾಕುತ್ತೇನೆ. ಹಿಂದಿನದಕ್ಕೆ ಚಕ್ರ ಮನೆಯಲ್ಲೇ ಬಿಚ್ಚಿ, ತಮ್ಮನ ಸ್ಕೂಟರಿನಲ್ಲಿಟ್ಟುಕೊಂಡು ಪಂಕ್ಚರ್ ಅಂಗಡಿಗೆ ಹೋಗುತ್ತೇನೆ. 150 ರೂಪಾಯಿಗೆ ಬೆನ್ನು ನೋವು ಕೊಂಡುಕೊಳ್ಳುವ ವಯಸ್ಸು ಮುಗಿಯಿತು. ಚೈನ್ ಬಿಗಿ, ಆಕ್ಸಲ್ ನಟ್, ಬ್ರೇಕು ನನ್ನ ಕೈಯಲ್ಲೇ ಇರುತ್ತದೆ, ಸಾಕು. ಹಳೆಯ ಟೈರನ್ನೂ ಅಲ್ಲೇ ಬಿಟ್ಟು ಬರುತ್ತೇನೆ. ಮೊದಲನೆಯದನ್ನು ತಾರಸಿಯ ಮೇಲೆ ಇಟ್ಟು, ಅದರಲ್ಲಿ ಮಳೆ ನೀರು ನಿಂತು, ಸೊಳ್ಳೆ ಮರಿಯಾಗಿ ಮನೆಯವರ ಹತ್ತಿರ ಬೈಸಿಕೊಂಡಿದ್ದೇನೆ.

ಹೋದ ಸಲ ಹೋದಾಗ ಅಂಗಡಿಯವರು, "ಗಾಡಿ ಎಲ್ಲಿ ಸಾರ್?" ಅಂತ ನಕ್ಕರು. ಚೀಲದಿಂದ ಆಯಿಲ್ ಡಬ್ಬದ ಪಟ್ಟಿಗಳನ್ನು ತೆಗೆದು, "ಅಣ್ಣ, ಇದನ್ನ ಇಟ್ಟು ಲಿವರ್ ಹಾಕಿ" ಅಂದೆ. ತಿರುಗಿಸಿ ಮುರುಗಿಸಿ ನೋಡಿದರು. ಮೊದಲೆರಡು ಸಲ ಪಟ್ಟಿ ಜಾರಿ ಬಿತ್ತು, ಬೈದುಕೊಂಡರು. ಮೂರನೇ ಸಲ ಸರಿಹೋಯಿತು. ನಾನು ದುಡ್ಡು ಕೊಟ್ಟು ಹೊರಡುವಾಗ, ಮೂಲೆಯಲ್ಲಿ ಬಿದ್ದಿದ್ದ ಖಾಲಿ ಆಯಿಲ್ ಡಬ್ಬ ಎತ್ತಿಕೊಂಡು ಹುಡುಗನ ಹತ್ತಿರ ಕತ್ತರಿ ಕೇಳುತ್ತಿದ್ದರು.