ಮಲೆನಾಡಿನ ಹಳೆಯ ಶಾಸಕರೊಬ್ಬರ ಬದುಕನ್ನು ಬರೆಯುವ ಕ್ರಮ

ತಮ್ಮ ತಾಲ್ಲೂಕಿನ ಹಿಂದಿನ ಶಾಸಕರ ಬಗ್ಗೆ ಬರೆಯಹೊರಟವರು ಮೊದಲು ಕ್ಷೇತ್ರದ ಎಲ್ಲೆಯನ್ನು ಖಚಿತಪಡಿಸಿಕೊಳ್ಳಬೇಕು. ಉದಾಹರಣೆಗೆ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಗೆದ್ದದ್ದು ಸಾಗರ–ಹೊಸನಗರದಿಂದ, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ. ಹೊಸನಗರ ಎಂಬ ಕ್ಷೇತ್ರವೇ 2008ರ ಚುನಾವಣೆಯ ಹೊತ್ತಿಗೆ ಉಳಿಯಲಿಲ್ಲ. 1973ರ ನವೆಂಬರ್‌ಗೆ ಹಿಂದಿನ ದಾಖಲೆಗಳನ್ನು ಮೈಸೂರು ರಾಜ್ಯದ ಹೆಸರಿನಲ್ಲಿಯೇ ಹುಡುಕಬೇಕು. ಮತಗಳ ಲೆಕ್ಕ ಚುನಾವಣಾ ಆಯೋಗದ ಅಂಕಿಅಂಶ ವರದಿಗಳಲ್ಲಿ ಸುಲಭವಾಗಿ ಸಿಗುತ್ತದೆ.

ಹೆಚ್ಚಿನ ಶ್ರಮ ಸಲ್ಲಬೇಕಾದದ್ದು ವಿಧಾನಸಭೆಯ ನಡವಳಿಗಳಿಗೆ, ಅಂದರೆ ಕಲಾಪದ ಲಿಖಿತ ದಾಖಲೆಗಳಿಗೆ. ಶಾಸಕರ ನಿಜವಾದ ದುಡಿಮೆ, ಅವರು ಕೇಳಿದ ಪ್ರಶ್ನೆಗಳಲ್ಲಿ, ಆಯವ್ಯಯದ ಚರ್ಚೆಯಲ್ಲಿ ಆಡಿದ ಮಾತಿನಲ್ಲಿ, ಮಸೂದೆಗಳಿಗೆ ಸೂಚಿಸಿದ ತಿದ್ದುಪಡಿಗಳಲ್ಲಿ ಇರುತ್ತದೆಯೇ ಹೊರತು ಶಂಕುಸ್ಥಾಪನೆಯ ಕಲ್ಲುಗಳಲ್ಲಿ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರತಿ ಮಾತಿನ ದಿನಾಂಕವನ್ನೂ ಸಚಿವರು ಕೊಟ್ಟ ಉತ್ತರವನ್ನೂ ಒಟ್ಟಿಗೆ ಬರೆದುಕೊಳ್ಳಿ. ಉತ್ತರವಿಲ್ಲದ ಪ್ರಶ್ನೆಯಿಂದ ಅರ್ಧ ಚಿತ್ರವಷ್ಟೇ ದೊರೆಯುತ್ತದೆ.

ಶ್ರೇಯಸ್ಸನ್ನು ಹಂಚುವಾಗ ಇಸವಿಗಳನ್ನು ಬಿಗಿಯಾಗಿ ಹಿಡಿಯಬೇಕು. ಗೇಣಿಯ ಭತ್ತ ಅಳೆಯುವ ಕೊಳಗದ ತಕರಾರಿನಿಂದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಗೋಪಾಲಗೌಡರೂ ಅದರ ಮುಂದಾಳುಗಳಲ್ಲಿ ಒಬ್ಬರು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಗೋಪಾಲಗೌಡರು ತೀರಿಕೊಂಡದ್ದು 1972ರಲ್ಲಿ, ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟ ಭೂಸುಧಾರಣೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಆದ್ದರಿಂದ ಆ ಕಾನೂನನ್ನು ಅವರೇ ತಂದರೆಂದು ಬರೆಯುವುದು ತಪ್ಪು. ಕಾಗೋಡನ್ನು ಬಿಟ್ಟು ಆ ಕಾನೂನಿನ ಹಿನ್ನೆಲೆಯನ್ನು ವಿವರಿಸುವುದೂ ಅಷ್ಟೇ ತಪ್ಪು. ಕಾಗೋಡಿನ ವಿಷಯದಲ್ಲಿ ಎಚ್. ಗಣಪತಿಯಪ್ಪನವರಂತಹ ಸ್ಥಳೀಯ ಮುಂದಾಳುಗಳ ಪಾಲನ್ನು ಶಾಸಕರ ಹೆಸರಿನೊಳಗೆ ಕರಗಿಸಿಬಿಡಬಾರದು.

ಹಿರಿಯರ ಬಳಿ ಹೋದಾಗ "ಅವರು ಎಂಥವರು?" ಎಂದು ಕೇಳಿದರೆ ಹೊಗಳಿಕೆ ಮಾತ್ರ ಸಿಗುತ್ತದೆ. ನಿಮ್ಮ ಮನೆಯವರು ಯಾರಿಗೆ ಗೇಣಿ ಕೊಡುತ್ತಿದ್ದರು, ಡಿಕ್ಲರೇಷನ್ (ಗೇಣಿ ಜಮೀನಿನ ಹಕ್ಕಿಗಾಗಿ ಸಲ್ಲಿಸುವ ಅರ್ಜಿ) ಹಾಕಿದ್ದು ಯಾರು, ಆಗ ಶಾಸಕರನ್ನು ಎಲ್ಲಿ ಕಂಡಿರಿ ಎಂದು ಕೇಳಿ. ಗೇಣಿದಾರರ ಮನೆಗಳಷ್ಟೇ ಅಲ್ಲ, ಜಮೀನು ಕಳೆದುಕೊಂಡವರ ಮನೆಗಳಿಗೂ ಹೋಗಲೇಬೇಕು. ಅವರ ನೆನಪನ್ನು ನಡವಳಿಯೊಂದಿಗೂ ಪಹಣಿಯೊಂದಿಗೂ ತಾಳೆ ನೋಡಿ, ಹೊಂದದಿದ್ದರೆ ಎರಡನ್ನೂ ಹಾಗೆಯೇ ದಾಖಲಿಸಿ.

ಕುಟುಂಬದವರ ಬಳಿಯಿರುವ ಪತ್ರ, ಕರಪತ್ರ, ಭಾವಚಿತ್ರಗಳನ್ನು ಬೇಸಿಗೆಯಲ್ಲಿಯೇ ಪ್ರತಿಮಾಡಿಕೊಳ್ಳಿ. ಮಲೆನಾಡಿನ ಮಳೆಗಾಲದ ಥಂಡಿಗೆ ಕಾಗದ ಬೂಷ್ಟು ಹಿಡಿಯುತ್ತದೆ. ಮೂಲವನ್ನು ಮನೆಯವರಿಗೇ ಹಿಂದಿರುಗಿಸಿ, ಪ್ರತಿಯ ಹಿಂಬದಿಯಲ್ಲಿ ಅದು ಯಾರ ಮನೆಯದು, ಯಾವ ವರ್ಷದ್ದು ಎಂದು ಅಂದೇ ಗುರುತು ಹಾಕಿ.