ಮಲಕಾಲ್‌ನ ಗುರುವಾರಗಳು

ಸೈನ್ಯದಲ್ಲಿ ನಾನು ಡ್ರೆಸರ್. ಬಂದೂಕು ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಆದರೆ ನನ್ನ ಕೆಲಸ ಪ್ರಾಣಿಗಳ ಗಾಯ ತೊಳೆಯುವುದು, ಔಷಧ ಕುಡಿಸುವುದು, ಡಾಕ್ಟರ್ ಸಾಹೇಬರು ಸೂಜಿ ಚುಚ್ಚುವಾಗ ಪ್ರಾಣಿ ಕೊಸರದಂತೆ ಹಿಡಿದುಕೊಳ್ಳುವುದು. ಮೀರತ್‌ನಲ್ಲಿ ಸೈನ್ಯದ ಪಶುವೈದ್ಯ ದಳದ ಆರ್‌ವಿಸಿ ಸೆಂಟರ್‌ನಲ್ಲಿ ಕಲಿತು, ಹನ್ನೆರಡು ವರ್ಷ ಗುಡ್ಡಗಾಡಿನಲ್ಲಿ ಹೇಸರಗತ್ತೆಗಳ ಜೊತೆ ಕಳೆದೆ. ಆಮೇಲೆ 2018ರ ಕೊನೆಗೆ ದಕ್ಷಿಣ ಸುಡಾನ್‌ನಲ್ಲಿದ್ದ ಭಾರತದ ಬೆಟಾಲಿಯನ್‌ಗೆ ಹೆಸರು ಬಂತು. ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆ, ಒಂದು ವರ್ಷದ ಅವಧಿ, ಮಲಕಾಲ್ ಎಂಬ ಊರು.

ವಿಮಾನದಿಂದ ಇಳಿದವನು ಮೊದಲು ನೋಡಿದ್ದು ಮಣ್ಣನ್ನು. ಕಪ್ಪು, ಬಿರುಕು ಬಿಟ್ಟ ಎರೆ ಮಣ್ಣು. ನಮ್ಮ ರೋಣದ ಹೊಲಗಳಲ್ಲಿ ಬೇಸಿಗೆಗೆ ಕೈ ತೂರುವಷ್ಟು ಅಗಲ ಬಾಯಿ ಬಿಡುತ್ತದಲ್ಲ, ಅದೇ ಮಣ್ಣು. ಒಂದು ಹೆಂಟೆ ಎತ್ತಿ ಪುಡಿ ಮಾಡಿ ನೋಡಿದೆ. ಈ ನೆಲ ಮಳೆಗಾಲದಲ್ಲಿ ಹೇಗಿರುತ್ತದೆ ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಗೊತ್ತಿದ್ದೂ ಒಂದು ತಪ್ಪು ಮಾಡಿದೆ, ಅದನ್ನು ಮುಂದೆ ಹೇಳುತ್ತೇನೆ.

ಮಲಕಾಲ್ ಬಿಳಿ ನೈಲ್ ನದಿಯ ಪೂರ್ವ ದಂಡೆಯ ಮೇಲಿದೆ. 2011ರ ಜುಲೈ 9ರಂದು ದೇಶ ಸ್ವತಂತ್ರವಾಯಿತು. ಎರಡೂವರೆ ವರ್ಷ ತುಂಬುವ ಮೊದಲೇ, 2013ರ ಡಿಸೆಂಬರ್ 15ಕ್ಕೆ ರಾಜಧಾನಿ ಜುಬಾದಲ್ಲಿ ಅಂತರ್ಯುದ್ಧದ ಕಿಡಿ ಹತ್ತಿತು. ಮಲಕಾಲ್ ಹಲವು ಸಲ ಕೈ ಬದಲಾಯಿಸಿತು. ನಾನು ಹೋದಾಗ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದು ಕೆಲವೇ ತಿಂಗಳಾಗಿತ್ತು. ಊರಿನ ಅರ್ಧ ಮನೆಗಳಿಗೆ ಬರೀ ಗೋಡೆ, ಅಂಗಳದಲ್ಲಿ ಆಳೆತ್ತರದ ಹುಲ್ಲು. ಜನ ಇದ್ದದ್ದು ನಮ್ಮ ನೆಲೆಗೆ ಅಂಟಿಕೊಂಡ ಬೇಲಿಯೊಳಗಿನ ರಕ್ಷಣಾ ಶಿಬಿರದಲ್ಲಿ, 20 ಸಾವಿರಕ್ಕೂ ಹೆಚ್ಚು ಮಂದಿ. ಆ ಬೇಲಿಯೂ ಭದ್ರವಾಗಿರಲಿಲ್ಲ. 2016ರ ಫೆಬ್ರವರಿಯಲ್ಲಿ ಶಿಬಿರದೊಳಗೇ ಗುಂಡು ಹಾರಿ, ಗುಡಿಸಲು ಸುಟ್ಟು, 25ಕ್ಕಿಂತ ಕಡಿಮೆಯಿಲ್ಲದಷ್ಟು ಜನ ಸತ್ತಿದ್ದರು.

ನಮ್ಮ ಹುಡುಗರ ದಿನ ಬೆಳಗಿನ ಐದಕ್ಕೆ ಶುರು. ಗಣತಿ, ವಾಹನ ತಪಾಸಣೆ, ಗಸ್ತು. ಕಟ್ಟಿಗೆಗೆ ಹೋಗುವ ಹೆಣ್ಣುಮಕ್ಕಳ ಹಾದಿಯಲ್ಲಿ ಗಸ್ತು ಇರಲೇಬೇಕು. ಬೇಲಿ ದಾಟಿದರೆ ಮಾನಕ್ಕೂ ಪ್ರಾಣಕ್ಕೂ ಅಪಾಯ, ದಾಟದಿದ್ದರೆ ಒಲೆ ಹತ್ತುವುದಿಲ್ಲ. ಗಸ್ತಿನ ಹುಡುಗರು ಅವರ ಹಿಂದೆ ಮುಂದೆ ನಡೆದು, ಹೊರೆ ಕಟ್ಟುವವರೆಗೆ ಬಿಸಿಲಲ್ಲಿ ನಿಂತು, ಮತ್ತೆ ಜೊತೆಗೇ ಬರುತ್ತಿದ್ದರು. ವರದಿಯಲ್ಲಿ ಇದು ಒಂದೇ ಸಾಲು. ಆ ಒಂದು ಸಾಲಿಗೆ ನಾನು ತುಂಬ ಬೆಲೆ ಕೊಡುತ್ತೇನೆ.

ನನ್ನ ದಿನ ದನಗಳದು. ಡಿಂಕಾ, ನುಯೆರ್ ಜನರಲ್ಲಿ ಮದುವೆಗೆ ದನ, ಕೊಲೆಯ ಪರಿಹಾರಕ್ಕೆ ದನ, ಗಂಡಸಿನ ಹೆಸರಿಗೂ ದನದ ಬಣ್ಣ. ಬಿಳಿ ಹೋರಿಯ ಹೆಸರು ಮಬಿಯೊರ್, ಅದೇ ಹೆಸರಿನ ಗಂಡಸರೂ ಇದ್ದಾರೆ. ನಮ್ಮಲ್ಲಿ ಎತ್ತಿಗೆ ಕೆಂದ, ಕರಿಯ ಅಂತೀವಿ. ಅವರು ಮಗನಿಗೇ ಆ ಹೆಸರಿಡುತ್ತಾರೆ, ಅಷ್ಟೇ ವ್ಯತ್ಯಾಸ. ಯುದ್ಧದಲ್ಲಿ ಮನೆ ಸುಟ್ಟದ್ದನ್ನು ಹೇಳುವಾಗ ಅಳದ ಮುದುಕ, ಹೊಡೆದುಕೊಂಡು ಹೋದ ಹೋರಿಯ ಬಣ್ಣ ಹೇಳುವಾಗ ಅತ್ತದ್ದನ್ನು ನೋಡಿದ್ದೇನೆ. ಒಂದು ಹಿಂಡಿಗೆ ರೋಗ ಬಂದು ಅರ್ಧ ಸತ್ತರೆ, ಆ ಮನೆಯ ಹುಡುಗರು ಮದುವೆಯ ದನಕ್ಕಾಗಿ ಇನ್ನೊಬ್ಬರ ಹಿಂಡಿನ ಮೇಲೆ ಬೀಳುತ್ತಾರೆ. ಕೈಯಲ್ಲಿ ಈಟಿಯಲ್ಲ, ಎಕೆ 47. ಹಾಗಾಗಿ ಜಂತಿನ ಔಷಧ ಕುಡಿಸುವುದೂ ಶಾಂತಿ ಕಾಯುವ ಕೆಲಸದ ಭಾಗವೇ ಎಂದು ನಮ್ಮ ಕ್ಯಾಪ್ಟನ್ ಸಾಹೇಬರು ಮೊದಲ ದಿನವೇ ಹೇಳಿದ್ದರು.

ಪ್ರತಿ ಗುರುವಾರ ಊರಾಚೆಯ ಒಂದು ದನದ ಬಿಡಾರಕ್ಕೆ ಹೋಗುವುದು ಎಂದು ಗೊತ್ತು ಮಾಡಿದೆವು. ಮೊದಲ ಗುರುವಾರ ಔಷಧದ ಪೆಟ್ಟಿಗೆ ತೆರೆಯುವ ಮುನ್ನ ಸರಕಾರಿ ನಮೂನೆ ತೆರೆದೆ. ಎಷ್ಟು ದನ ಇವೆ ಎಂದು ದುಭಾಷಿಯಿಂದ ಕೇಳಿಸಿದೆ. ಮಾತು ಅಲ್ಲಿಗೇ ನಿಂತಿತು. ಎದ್ದು ಹೋದವರು ಎದ್ದು ಹೋದರು. ದನಗಳ್ಳತನ ಇರುವ ನಾಡಿನಲ್ಲಿ ಲೆಕ್ಕ ಹೇಳುವುದೆಂದರೆ ಕನ್ನ ಹಾಕುವವನಿಗೆ ಗೋಡೆ ತೋರಿಸಿದಂತೆ. ನಮ್ಮಪ್ಪನೂ ಕಣದಲ್ಲಿ ಜೋಳದ ಚೀಲ ಎಷ್ಟಾಯಿತು ಎಂದು ಹೊರಗಿನವರು ಕೇಳಿದರೆ "ಏನೋ, ದೇವರು ಕೊಟ್ಟಷ್ಟು" ಅನ್ನುವವನು. ನನಗೆ ಅದು ಹೊಳೆಯಬೇಕಿತ್ತು. ಮುಂದಿನ ಗುರುವಾರದಿಂದ ಪುಸ್ತಕ ಚೀಲದಲ್ಲೇ ಉಳಿಯಿತು. ಖಾಲಿ ಬಾಟಲಿ ಎಣಿಸಿ ನೆಲೆಯಲ್ಲಿ ಕೂತು ಲೆಕ್ಕ ಬರೆದೆವು.

ಕೆಲಸ ಹೀಗಿತ್ತು. ಮೊದಲು ಕೋವಿಗಳು ದೂರದ ಬೇವಿನ ಮರದ ಕೆಳಗೆ. ಇದು ನಮ್ಮ ಒಂದೇ ಕರಾರು, ಅದಕ್ಕೆ ಹಿರಿಯರೇ ಕಾವಲು. ಆಮೇಲೆ ಎರಡು ಸಾಲು ಗೂಟ ಹೊಡೆದು, ಅಡ್ಡ ಬಳ್ಳಿ ಕಟ್ಟಿ, ಒಂದೇ ದನ ಹಾಯುವಷ್ಟು ಓಣಿ. ಆ ದನಗಳ ಕೋಡು ಎರಡು ಕೈ ಚಾಚಿದಷ್ಟು. ಓಣಿ ಎತ್ತರವಾದರೆ ಕೋಡು ಸಿಕ್ಕಿಹಾಕಿಕೊಳ್ಳುತ್ತದೆ. ಗೂಟವನ್ನು ಕೋಡಿಗಿಂತ ಕೆಳಗೆ, ಹೊಟ್ಟೆಯ ಮಟ್ಟಕ್ಕೆ ಇಳಿಸಬೇಕು. ಎದೆಯ ಸುತ್ತ ಟೇಪು ಹಿಡಿದು ತೂಕದ ಅಂದಾಜು, ತೂಕಕ್ಕೆ ತಕ್ಕಷ್ಟು ಜಂತಿನ ಔಷಧ ಅಲ್ಬೆಂಡಜೋಲ್, ಉಣ್ಣಿ ಹತ್ತಿದ್ದಕ್ಕೆ ಐವರ್ಮೆಕ್ಟಿನ್ ಸೂಜಿ ಚರ್ಮದಡಿ. ಔಷಧ ಕುಡಿಸಲು ಕೊಟ್ಟ ಪಿಚಕಾರಿ ಎರಡನೇ ವಾರವೇ ಕೆಟ್ಟಿತು. ಊರಲ್ಲಿ ಗೊಟ್ಟದಲ್ಲಿ ಕುಡಿಸಿ ಬೆಳೆದವನಿಗೆ ಅದೇನು ಕಷ್ಟ? ಉದ್ದ ಕತ್ತಿನ ಬಾಟಲಿ, ತಲೆ ತೀರ ಮೇಲೆತ್ತದೆ, ದವಡೆಯ ಸಂದಿಯಿಂದ ಸ್ವಲ್ಪ ಸ್ವಲ್ಪ. ತಲೆ ಎತ್ತರಕ್ಕೆ ಎಳೆದು ಸುರಿದರೆ ಔಷಧ ಶ್ವಾಸಕೋಶಕ್ಕೆ ಇಳಿಯುತ್ತದೆ. ಇದನ್ನು ಅಲ್ಲಿನ ಹುಡುಗರು ಒಂದೇ ದಿನದಲ್ಲಿ ಕಲಿತರು.

ಒಂದು ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಕುಕ್ಕರಗಾಲಲ್ಲಿ ಕೂತು ಮೊಲೆ ಹಿಂಡಿ, ಗಡ್ಡೆಗಟ್ಟಿದ ಹಾಲು ಅಂಗೈಗೆ ತೆಗೆದು ತೋರಿಸಿದೆ. ಸುತ್ತ ನಿಂತ ಯುವಕರು ಮುಖ ತಿರುಗಿಸಿದರು. ಹಣೆಯ ಮೇಲೆ ದೀಕ್ಷೆಯ ಗಾಯದ ಗೆರೆ ಪಡೆದ ಗಂಡಸು ಅಲ್ಲಿ ಹಾಲು ಕರೆಯುವುದಿಲ್ಲ. ಅದು ಹೆಂಗಸರ, ಚಿಕ್ಕ ಹುಡುಗರ ಕೆಲಸ. ನಾನು ಮೂರು ವಾರದಿಂದ ರೋಗದ ಲಕ್ಷಣ ಹೇಳುತ್ತಿದ್ದದ್ದು ಕೆಚ್ಚಲು ಮುಟ್ಟದವರಿಗೆ! ಆಮೇಲೆ ಹೆಂಗಸರನ್ನು ಬೇರೆ ಕೂರಿಸಿಕೊಂಡೆವು. ಯಾವ ಹಸು ಮೇವು ಬಿಟ್ಟಿದೆ, ಯಾವುದು ನಿಂತಲ್ಲೇ ಕೆಮ್ಮುತ್ತದೆ, ಯಾವುದಕ್ಕೆ ಗಬ್ಬ ನಿಲ್ಲುತ್ತಿಲ್ಲ, ಎಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಕೆಮ್ಮಿನ ಸುದ್ದಿ ಕೇಳಿ ಸಾಹೇಬರು ಕೂಡಲೇ ಆ ದನಗಳನ್ನು ಹಿಂಡಿನಿಂದ ಬೇರೆ ಕಟ್ಟಿಸಿದರು. ದನದ ಅಂಟು ಶ್ವಾಸಕೋಶ ರೋಗ ಆ ಸೀಮೆಯ ಪಿಡುಗು. ಸಾಲದ್ದಕ್ಕೆ, ಮಧ್ಯಾಹ್ನ ಅವರೇ ನಮಗೆ ಕಿಸ್ರಾ ತಂದುಕೊಟ್ಟರು. ಹುಳಿ ಬರಿಸಿದ ಜೋಳದ ಹಿಟ್ಟಿನ ತೆಳ್ಳನೆಯ ರೊಟ್ಟಿ. ಜೋಳದ ವಾಸನೆ ಮೂಗಿಗೆ ಬಡಿದಾಗ ನನಗೆ ಮಾತು ಹೊರಡಲಿಲ್ಲ.

ಮಳೆ ಹಿಡಿದ ಮೇಲಿನ ಮಾತು. ಒಂದು ದೂರದ ಬಿಡಾರದವರಿಗೆ "ಬರುವ ಗುರುವಾರ ರಸ್ತೆಯ ಬದಿಗೆ ದನ ತನ್ನಿ, ನಾವು ಬಂದೇ ಬರುತ್ತೇವೆ" ಎಂದು ಮಾತು ಕೊಟ್ಟವನು ನಾನು. ಬುಧವಾರ ರಾತ್ರಿ ಮಳೆ ಸುರಿಯಿತು. ಎರೆ ಮಣ್ಣು ಗಾಲಿಗೆ ಸುತ್ತಿಕೊಂಡು ಮೊದಲ ಗಾಡಿ ಎರಡನೇ ಮೈಲಿಗೇ ಅಚ್ಚಿನವರೆಗೆ ಹೂತಿತು. ಎಳೆಯಲು ಬಂದದ್ದೂ ಹೂತಿತು. ಆ ಜನ ಎರಡು ದಿನ ದನ ಹೊಡೆದುಕೊಂಡು ಬಂದು, ಕಾದು, ತಿರುಗಿ ಹೋಗಿದ್ದರು. ದಾರಿಯಲ್ಲಿ ಎರಡು ಕರು ಸತ್ತವಂತೆ. ಮುಂದಿನ ವಾರ ಹೋದಾಗ ಒಬ್ಬ ಹಿರಿಯ ಮಾತ್ರ ಬಂದಿದ್ದ. ಬೈಯಲಿಲ್ಲ. "ಸೈನಿಕರು ಬರುತ್ತೇವೆ ಅಂದರೆ ನಮಗೆ ಭಯವಾಗುತ್ತಿತ್ತು. ನೀವು ಬರುತ್ತೇವೆ ಅಂದಾಗ ಮೊದಲ ಸಲ ಕಾದೆವು" ಎಂದ. ದುಭಾಷಿ ಅದನ್ನು ತಲೆ ತಗ್ಗಿಸಿಕೊಂಡೇ ಹೇಳಿದ.

ಆ ಮೇಲೆ ನಾವು ಮಾಡಿದ್ದು ಇಷ್ಟು. ಮಳೆಗಾಲದಲ್ಲಿ ಜನರನ್ನು ನಮ್ಮ ಕಡೆ ಕರೆಯುವುದು ಬಿಟ್ಟೆವು. ಗಾಡಿ ಹೋದಷ್ಟು ದೂರ ಹೋಗಿ, ಉಳಿದದ್ದನ್ನು ಕಾವಲಿನ ಹುಡುಗರ ಜೊತೆ ಔಷಧ ಹೊತ್ತು ನಡೆದೆವು. ಗುಂಡು ನಿರೋಧಕ ಜಾಕೆಟ್ಟು, ಹೆಲ್ಮೆಟ್ಟು, ಹೆಗಲಲ್ಲಿ ಪೆಟ್ಟಿಗೆ, ಮೊಳಕಾಲುದ್ದ ಕೆಸರು. ನೀರು ನಿಂತ ನೆಲದಲ್ಲಿ ದನಗಳಿಗೆ ಗೊರಸಿನ ಸಂದಿ ಕೊಳೆಯುತ್ತಿತ್ತು. ಸಂದಿ ಕೆರೆದು ತೊಳೆದು, ಮೈಲುತುತ್ತದ ನೀರಿನಲ್ಲಿ ನಿಲ್ಲಿಸುವುದೇ ಹೆಚ್ಚಿನ ಕೆಲಸ. ಆ ಬಿಡಾರದವರು ತಿರುಗಿ ಬರಲು ಐದು ಗುರುವಾರ ಹಿಡಿಯಿತು. ಮೊದಲ ಮೂರು ಗುರುವಾರ ಯಾರೂ ಬರದ ಬಯಲಲ್ಲಿ ಗೂಟ ಹೊಡೆದು, ಸಂಜೆ ಕಿತ್ತುಕೊಂಡು ಬಂದೆವು.

ಊರೊಳಗೆ ಕತ್ತೆಗಳು. ಮಲಕಾಲ್‌ನಲ್ಲಿ ನದಿಯಿಂದ ಮನೆಗೆ ನೀರು ಬರುವುದು ಕತ್ತೆಗಾಡಿಯ ಡ್ರಮ್ಮಿನಲ್ಲಿ, ಓಡಿಸುವವರು ಹತ್ತು ಹನ್ನೆರಡರ ಪೋರರು. ಕತ್ತೆಗಳ ಹೆಗಲಲ್ಲಿ ಹಸಿ ಹುಣ್ಣು, ಹುಣ್ಣಲ್ಲಿ ಹುಳ. ಹದಿನೈದು ದಿನ ಬಿಡುವು ಕೊಡು ಎಂದು ಪುಸ್ತಕ ಹೇಳುತ್ತದೆ. ಬಿಡುವು ಕೊಟ್ಟರೆ ಆ ಹುಡುಗನ ತಾಯಿ, ತಂಗಿ ಏನು ತಿನ್ನಬೇಕು? ಟರ್ಪೆಂಟೈನ್ ಹಾಕಿ ಹುಳ ತೆಗೆದು, ಹಳೆಯ ಕಂಬಳಿಯ ಮೆತ್ತೆ ಹೊಲಿದು, ಹುಣ್ಣಿನ ಜಾಗಕ್ಕೆ ಸರಿಯಾಗಿ ಮೆತ್ತೆಯಲ್ಲಿ ತೂತು ಬಿಟ್ಟೆವು. ಭಾರ ಪಕ್ಕಕ್ಕೆ ಬೀಳುತ್ತದೆ, ಹುಣ್ಣಿಗೆ ಗಾಳಿ ಆಡುತ್ತದೆ, ಗಾಡಿಯೂ ನಿಲ್ಲುವುದಿಲ್ಲ. ಹೇಸರಗತ್ತೆಗಳಲ್ಲಿ ಕಲಿತದ್ದು ಅಲ್ಲಿ ಒದಗಿತು.

ಮನೆಗೆ ಫೋನು ಹತ್ತಿದಾಗ ಅಪ್ಪ ಕೇಳುತ್ತಿದ್ದದ್ದು ಒಂದೇ. "ಅಲ್ಲಿ ದನ ಹೆಂಗ ಅದಾವೋ ತಮ್ಮಾ?"

"ಕೋಡು ಭಾಳ ಉದ್ದ ಅದಾವಪ್ಪಾ. ಹಾಲು ಕಡಿಮಿ."

"ಮೇವು ಐತೇನು?"

ಯುದ್ಧದ ಮಾತು ಅವ್ವ ಕೇಳುತ್ತಿದ್ದಳು. ಅವಳಿಗೆ ನಾನು ಎಲ್ಲ ಹೇಳಲಿಲ್ಲ. 2013ರ ಏಪ್ರಿಲ್‌ನಲ್ಲಿ ಜೊಂಗ್ಲೆ ರಾಜ್ಯದ ದಾರಿಯಲ್ಲಿ ಹೊಂಚುದಾಳಿಗೆ ನಮ್ಮ ಐವರು ಸೈನಿಕರು ಬಿದ್ದಿದ್ದರು. ಅದೇ ಡಿಸೆಂಬರ್‌ನಲ್ಲಿ ಅಕೊಬೊ ನೆಲೆಯಲ್ಲಿ ಆಶ್ರಯ ಕೇಳಿ ಬಂದ ನಾಗರಿಕರನ್ನು ಕಾಯುತ್ತ ಇಬ್ಬರು ಸತ್ತಿದ್ದರು. ಬಿಡಾರಕ್ಕೆ ನಡೆಯುವಾಗ ಹುಲ್ಲು ಅಲುಗಿದರೆ ನನಗೆ ಅವರ ನೆನಪಾಗುತ್ತಿತ್ತು.

ನನ್ನ ಅವಧಿ ಮುಗಿಯುವ ಹೊತ್ತಿಗೆ ಮಳೆ ಹಿಂದೆ ಸರಿದಿತ್ತು. ಕೊನೆಯ ಗುರುವಾರ ಹೊಸ ತಂಡದ ಡ್ರೆಸರ್‌ನನ್ನು ಕರೆದುಕೊಂಡು ಅದೇ ದೂರದ ಬಿಡಾರಕ್ಕೆ ಹೋದೆ. ರಾಜಸ್ಥಾನದ ಹುಡುಗ, ಒಂಟೆ ಬಲ್ಲವನು. ಆ ಹಿರಿಯ ಅವನ ಕೈ ಹಿಡಿದು, ಅಂಗೈ ತಿರುಗಿಸಿ, ಬೆರಳ ಗಂಟುಗಳನ್ನು ಮುಟ್ಟಿ ನೋಡಿದ. ದನ ಹಿಡಿದ ಕೈಯೋ ಅಲ್ಲವೋ ನೋಡುತ್ತಿದ್ದ ಎಂದುಕೊಂಡೆ. ನೋಡಿ ಬಿಟ್ಟು, ನನ್ನ ಕಡೆ ತಿರುಗಿ, ಬರುವ ಗುರುವಾರ ಇವನು ಬರುತ್ತಾನೋ ಎಂದು ಕೇಳಿದ. ನಾನು ಉತ್ತರ ಹೇಳಲಿಲ್ಲ, ಹುಡುಗನ ಮುಖ ನೋಡಿದೆ. ಅವನು ಮೊದಲು ಆಕಾಶ ನೋಡಿದ, ಆಮೇಲೆ ಕಾಲಡಿಯ ಮಣ್ಣು ನೋಡಿದ, ಆಮೇಲೆ ಗಾಡಿ ಬರದಿದ್ದರೆ ನಡೆದು ಬರುತ್ತೇನೆ ಎಂದ.